ಅಂಚಿನವರೆಗೂ ಬಿತ್ತಿದ ಬೋರ್ಡು

ನನ್ನ ಜಾಣತನದ ಬಗ್ಗೆ ನನಗೆ ಎಂದೂ ಸಂಶಯ ಬಂದಿಲ್ಲ. ಬಂದಿದ್ದರೆ ಇಷ್ಟು ವರ್ಷ ನೆಮ್ಮದಿಯಿಂದ ಉಣ್ಣಲು ಆಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಸವಣೂರಿನ ವೋಲ್ಟೇಜ್ ಸ್ಟೆಬಿಲೈಜರ್ ತಯಾರಿಸುವ ಒಂದು ಸಣ್ಣ ಶೆಡ್ಡಿನಲ್ಲಿ ಸರ್ಕಿಟ್ ಬೋರ್ಡಿನ ನಕ್ಷೆ ಬರೆಯುವವನು ನಾನೊಬ್ಬನೇ. ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ ಕರೆಂಟು ಹರಿಯುವ ದಾರಿ ಎಳೆಯುವುದು ನನ್ನ ಕೆಲಸ. ಬೋರ್ಡು ತಯಾರಾಗಿ ಬಂದ ಮೇಲೆ, ಹತ್ತಿಮತ್ತೂರಿನಿಂದ ದಿನಾ ಬಸ್ಸಿಗೆ ಬರುವ ಗಂಗವ್ವ ಅದರ ತೂತುಗಳಲ್ಲಿ ರೆಸಿಸ್ಟರುಗಳನ್ನು ಕೂರಿಸಿ ಬೆಸೆಯುತ್ತಿದ್ದರು. ನಾನು ಅಡ್ಡ ಬರೆಯಲಿ, ಓರೆ ಬರೆಯಲಿ, ಅವರ ಬೆರಳುಗಳು ಹೇಗೋ ಹೊಂದಿಸಿಕೊಳ್ಳುತ್ತಿದ್ದವು. ಅದನ್ನು ನಾನು ನನ್ನ ನಕ್ಷೆಯ ಹೆಚ್ಚುಗಾರಿಕೆಯೆಂದೇ ತಿಳಿದಿದ್ದೆ.

ಒಮ್ಮೆ ದೊಡ್ಡ ಆರ್ಡರು ಬಂತು. ರೆಸಿಸ್ಟರುಗಳನ್ನು ತಾನೇ ಕೂರಿಸುವ ಯಂತ್ರ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದೆಯಂತೆ, ಬೋರ್ಡು ಅಲ್ಲಿಗೆ ಕಳಿಸೋಣವೆಂದರು ಮಾಲಕರು. "ಯಂತ್ರಕ್ಕ ಒಪ್ಪುವಂಗ ಬರೀರಿ" ಎಂದರು. "ಮೊದಲ ಯಂತ್ರ ನನಗ ಒಪ್ಪಲಿ ಬಿಡ್ರಿ" ಎಂದೆ ನಾನು. ನಮ್ಮದು ಚಿಕ್ಕೇರೂರಿನ ಒಕ್ಕಲುತನದ ಮನೆ. ಒಂದು ಗೇಣು ನೆಲ ಖಾಲಿ ಬಿಟ್ಟರೆ ನಮ್ಮಪ್ಪನಿಗೆ ಊಟ ಸೇರುತ್ತಿರಲಿಲ್ಲ. ಬದುವಿನ ಬುಡದವರೆಗೂ ಬಿತ್ತುವವರು. ಅವರ ಮಗನಾಗಿ ನಾನು ಬೋರ್ಡಿನ ನಾಲ್ಕೂ ಅಂಚಿಗೆ ಹತ್ತಿಸಿ ರೆಸಿಸ್ಟರ್ ನೆಟ್ಟೆ. ಮೂಲೆಯಲ್ಲಿ ಉಳಿದ ಜಾಗಕ್ಕೂ ಓರೆಯಾಗಿ ಎರಡನ್ನು ತುರುಕಿದೆ.

ಹದಿನೈದು ದಿನಕ್ಕೆ ಬೋರ್ಡು ವಾಪಸ್ಸು ಬಂತು. ಜೊತೆಗೊಂದು ಕಾಗದ: ಯಂತ್ರಕ್ಕೆ ಹಿಡಿದುಕೊಳ್ಳಲು ಅಂಚಿನಲ್ಲಿ ಜಾಗವಿಲ್ಲ, ಓರೆಯಾದದ್ದನ್ನು ಅದು ಕೂರಿಸದು. "ಇನ್ನೊಮ್ಮೆ ಹಿಂಗಾದ್ರ ನಕ್ಷಾ ಬ್ಯಾರೇದವರ ಕಡೆ ಬರಸ್ತೇನಿ, ನೀವು ಡಬ್ಬಿ ಪ್ಯಾಕ್ ಮಾಡ್ರಿ" ಎಂದರು ಮಾಲಕರು. ಗಂಗವ್ವ ಬೋರ್ಡನ್ನು ತಿರುವಿ ನೋಡಿ, "ಎತ್ತು ಹೊಳ್ಳಿ ತಿರಗಾಕ ಜಾಗಾ ಬಿಡದ ಯಾರರ ಬಿತ್ತತಾರೇನ್ರಿ?" ಎಂದರು.

"ನಮ್ಮಪ್ಪ ಬಿತ್ತತಿದ್ದರು."

"ಹಂಗಾರ ಎತ್ತು ಬಾಜೂದವರ ಹೊಲದಾಗ ಹೊಳ್ಳಿಸಿರಬೇಕು."

ಪಕ್ಕದ ಹೊಲದವರು ನಮ್ಮ ಮನೆಯವರನ್ನು ಯಾಕೆ ಮಾತಾಡಿಸುವುದಿಲ್ಲವೆಂದು ನನಗೆ ಅಂದೇ ತಿಳಿದದ್ದು.

ಹೊಸ ಹಾಳೆ ತೆಗೆದೆ. ಗಂಗವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ರೆಸಿಸ್ಟರುಗಳನ್ನೂ ಒಂದೇ ದಿಕ್ಕಿಗೆ ಸಾಲು ಹಿಡಿದು ಇಟ್ಟೆ. ಅವರು ತೋರಿಸಿದಷ್ಟು ಎರಡೂ ಬದಿಗೆ ಅಂಚು ಬಿಡುವಾಗ ಮಾತ್ರ ಹೊಟ್ಟೆ ಉರಿಯಿತು. ಈ ಸಲ ಬೋರ್ಡು ಹಿಡಿದುಕೊಂಡು ನಾನೇ ಬೆಂಗಳೂರಿಗೆ ಹೋದೆ. ಯಂತ್ರ ಅಂಚನ್ನು ಕಚ್ಚಿ ಹಿಡಿದು ಟಕಟಕನೆ ಎಲ್ಲವನ್ನೂ ಕೂರಿಸಿತು. ನನ್ನ ಕೆಲಸ ಉಳಿಯಿತು. ಯಂತ್ರ ನಡೆಸುವವನು ಬೋರ್ಡನ್ನು ಎತ್ತಿ ಹಿಡಿದು, "ಈ ಅಂಚು ಬಿಟ್ಟೋರು ಯಾರು ಸಾರ್? ತುಂಬಾ ಚೆನ್ನಾಗಿ ಬಿಟ್ಟಿದ್ದಾರೆ" ಎಂದ. ನಾನು ಎದೆಯುಬ್ಬಿಸಿ "ನಾನ" ಎಂದುಬಿಟ್ಟೆ. ನಾನು ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಎಳೆದ ದಾರಿಗಳನ್ನು ಅವನು ತಿರುಗಿಯೂ ನೋಡಲಿಲ್ಲ. ನನ್ನ ನಕ್ಷೆಗೆ ಹೊರಗಿನವರಿಂದ ಸಿಕ್ಕ ಮೊದಲ ಶಭಾಷ್ ನಾನು ಏನೂ ಬರೆಯದ ಜಾಗಕ್ಕೆ ಸಿಕ್ಕಿತು, ಅದನ್ನು ಮಾತ್ರ ಗಂಗವ್ವನಿಗೆ ಇನ್ನೂ ಹೇಳಿಲ್ಲ.