ಖಾಲಿ ಲಾರಿಯ ಹಿಂದೆ ಹೋದರೆ ಸಿಗುವ ರೈಲು

ದಾರಿ

“ಯಶವಂತನಗರಕ್ಕ ಹಿಂಗ ಹೋಗಬೇಕೇನವ್ವಾ?”

ರಸ್ತೆ ಬದಿಯಲ್ಲಿ ಮಿರ್ಚಿ ಕರಿಯುತ್ತಿದ್ದ ಅಜ್ಜಿ ಬಾಣಲೆಯಿಂದ ತಲೆ ಎತ್ತಲಿಲ್ಲ. “ಹಿಂಗ ಹೋದ್ರ ಬಂಡ್ರಿ ಬರ್ತೈತಿ. ಅಲ್ಲಿಂದ್ಲೇ ಬಂದಿ ಅಲ್ಲ?”

ಹೌದು, ಅಲ್ಲಿಂದಲೇ ಬಂದಿದ್ದೆ. ಕಸುಬು ಕಲಿಯಲು ಹೋದ ಹ್ಯಾಂಬರ್ಗಿನಲ್ಲಿ ದಾರಿ ತಪ್ಪಲಿಲ್ಲ, ಒಸಾಕಾದಲ್ಲಿ ತಪ್ಪಲಿಲ್ಲ. ಹುಟ್ಟಿದ ಹೊಸಪೇಟೆಯಿಂದ ಸ್ಕೂಟರಿನಲ್ಲಿ ಹೊರಟರೆ ಸಂಡೂರಿನ ಗುಡ್ಡಗಳಲ್ಲಿ ತಪ್ಪುತ್ತೇನೆ. ಆಟಿಕೆ ರೈಲು ರಿಪೇರಿ ಮಾಡುವ ಹೆಂಗಸಿಗೆ ಇಂಥವು ಆಗುತ್ತಲೇ ಇರುತ್ತವೆ, ದಾರಿಯಲ್ಲೂ ಮುಟ್ಟಿದ ಮೇಲೂ.

“ಖಾಲಿ ಲಾರಿ ಬಂತಂದ್ರ ಅದರ ಹಿಂದ ಹೋಗು,” ಎಂದಳು ಅಜ್ಜಿ. “ಖಾಲಿದ್ದು ಆ ಊರ ಮ್ಯಾಲಿಂದ ಗಣಿಗೆ ಹೋಗ್ತಾವು. ತುಂಬಿದ್ದರ ಹಿಂದ ಹೋದ್ರ ಯಾವ ಸಮುದ್ರಕ್ಕ ಮುಟ್ಟತೀಯೋ ದೇವರಿಗೇ ಗೊತ್ತು.”

ಮಿರ್ಚಿ ಕಟ್ಟಿಸಿಕೊಂಡೆ. ಅವಳು ಅಂದಳು: “ದಾರಿ ಹೇಳಿದ್ದು ಸಾಲ ನೋಡವಾ. ಇಷ್ಟು ಮಂದಿ ಕೇಳಿ ಹೋದ್ರು, ಒಬ್ರೂ ತಿರುಗಿ ಬಂದು ‘ಮುಟ್ಟೀನಿ’ ಅಂದಿಲ್ಲ. ನೀ ಬಂದು ಹೇಳಬೇಕು.”

“ಬಂದು ಹೇಳ್ತೀನಿ.”

“ಎಲ್ರೂ ಹಂಗ ಅಂತಾರ,” ಅಂದು ಇನ್ನೊಂದು ಮಿರ್ಚಿ ಎಣ್ಣೆಗೆ ಬಿಟ್ಟಳು.

ಹಂಪಿಯ ಇಡ್ಲಿ ರೈಲು

ನನ್ನ ಕಸುಬು ಸ್ವಲ್ಪ ಹೇಳಿಬಿಡುತ್ತೇನೆ. ಆಟಿಕೆ ರೈಲಿಗೆ ಮನೆಯ ಕರೆಂಟು ನೇರ ಕೊಟ್ಟರೆ ಇಂಜಿನ್ ಬೂದಿ. ನಡುವೆ ಇಟ್ಟಿಗೆ ಗಾತ್ರದ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದರ ಹೊಟ್ಟೆಯಲ್ಲಿ ಪುಟ್ಟದೊಂದು ಬ್ರೇಕರ್. ಈ ಬ್ರೇಕರ್ ಕೂಡುಕುಟುಂಬದ ಹಿರಿಸೊಸೆಯ ಹಾಗೆ. ತಡೆಯುವಷ್ಟು ತಡೆಯುತ್ತಾಳೆ, ಮಿತಿ ಮೀರಿದರೆ ಟಕ್ ಅಂತ ಬಾಗಿಲು ಹಾಕಿಕೊಳ್ಳುತ್ತಾಳೆ. ತಣ್ಣಗಾದ ಮೇಲೆ ಮತ್ತೆ ಕೆಲಸಕ್ಕೆ ಹಾಜರು.

ಹಿಂದೊಮ್ಮೆ ಹಂಪಿಯ ಒಬ್ಬ ಹೋಂಸ್ಟೇ ಮಾಲೀಕರು ಅತಿಥಿಗಳ ಟೇಬಲ್ಲಿಗೆ ಇಡ್ಲಿ ಮುಟ್ಟಿಸಲು ರೈಲು ಬಿಟ್ಟಿದ್ದರು. ಅದು ದಿನವೂ ಮೂಲೆಯ ಟೇಬಲ್ ಹತ್ತಿರವೇ ನಿಲ್ಲುತ್ತಿತ್ತು. “ಆ ಮೂಲಿ ವಾಸ್ತು ಸರಿ ಇಲ್ರಿ, ಗ್ವಾಡಿ ಒಡಸ್ತೀನಿ,” ಎಂದು ಗೌಂಡಿಯನ್ನು ಕರೆಸಿಯೂ ಆಗಿತ್ತು. ನಾನು ಬಗ್ಗಿ ನೋಡಿದೆ. ಆ ತಿರುವಿನಲ್ಲಿ ಗಾಡಿ ವಾಲಿ ಸಾಂಬಾರ್ ಹಳಿ ಮೇಲೆ ಚೆಲ್ಲುತ್ತಿತ್ತು, ಶಾರ್ಟ್ ಆಗುತ್ತಿತ್ತು. ಬ್ರೇಕರ್ ಬಾಗಿಲು ಹಾಕಿ ಹಾಕಿ ಸವೆದು ಹೋಗಿತ್ತು. ಹೊಸದು ಹಾಕಿದೆ, ಗೋಡೆ ಉಳಿಯಿತು. ಅಂದಿನಿಂದ ರೈಲಿನಲ್ಲಿ ಇಡ್ಲಿ, ಚಟ್ನಿ ಮಾತ್ರ. ಸಾಂಬಾರ್ ಬೇಕಾದವರು ರಸ್ತೆ ಮಾರ್ಗವಾಗಿ ಅಡುಗೆಮನೆಗೆ ಹೋಗಬೇಕು.

ಡೈರೆಕ್ಟ್

ಖಾಲಿ ಲಾರಿ ಬಂತು, ಹಿಂದೆ ಹೋದೆ, ಯಶವಂತನಗರ ಮುಟ್ಟಿದೆ. ನನ್ನನ್ನು ಕರೆಸಿದ್ದು ನಿವೃತ್ತ ಗೂಡ್ಸ್ ರೈಲಿನ ಡ್ರೈವರ್ ಒಬ್ಬರು. ಅವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲೆಲ್ಲೂ ಹಳಿ, ಸುರಂಗ, ಸ್ಟೇಷನ್ನು, ನೀಲಿ ಬಣ್ಣ ಬಳಿದ ತುಂಗಭದ್ರೆ, ಮೇಲೊಂದು ಸೇತುವೆ.

“ಭಾನುವಾರ ಮಗನಿಗೆ ಹೆಣ್ಣು ಕೊಡೋರು ಮನಿ ನೋಡಾಕ ಬರ್ತಾರ್ರಿ,” ಎಂದರು ಅವರ ಹೆಂಡತಿ. “ಅಷ್ಟರಾಗ ಇದು ಓಡಿದ್ರ ಇರ್ಲಿ. ಓಡ್ಲಿಲ್ಲಂದ್ರ ಸೋಮವಾರ ಗುಜರಿಗೆ. ನಾಳೆ ಲಗ್ನ ಅಂದ್ರ ಕುರ್ಚಿ ಹಾಕಾಕ ಜಾಗ ಬೇಕು ನನಗ.”

ಡ್ರೈವರ್ ಸಾಹೇಬರು ಟ್ರಾನ್ಸ್‌ಫಾರ್ಮರನ್ನು ನನ್ನ ಮುಂದೆ ಸರಿಸಿದರು.

ಟ್ರಾನ್ಸ್‌ಫಾರ್ಮರ್ ಬಿಚ್ಚಿದರೆ ಬ್ರೇಕರೇ ಇಲ್ಲ, ಅದರ ಜಾಗದಲ್ಲಿ ಸುಟ್ಟ ತಂತಿಯ ತುಂಡು. ಕುರೆಕುಪ್ಪದಿಂದ ಬಂದಿದ್ದ ಸಾಹೇಬರ ಭಾಮೈದ ಎದೆಯುಬ್ಬಿಸಿ ನಿಂತರು. “ಅದು ಭಾಳ ಕಿರಿಕಿರಿ ಕೊಡ್ತಿತ್ರಿ. ಒಗದು, ತಂತಿ ಜೋಡ್ಸಿ ಡೈರೆಕ್ಟ್ ಮಾಡೀನಿ.” ಪುಣ್ಯಕ್ಕೆ ಒಳಗಿನ ತಾಮ್ರದ ಸುರುಳಿ ಬದುಕಿತ್ತು. ಆದರೆ ತಂತಿ ಕಾದು, ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಸ್ಟೇಷನ್ ಮಾಸ್ತರರು ಸೊಂಟದವರೆಗೆ ಕರಗಿದ್ದರು.

“ಛಲೋನ ಆತಲ್ರಿ,” ಎಂದರು ಭಾಮೈದ, “ಇನ್ನ ಅಂವ ಕುಂತೇ ಬಾವುಟ ತೋರಿಸ್ತಾನ.”

ಕೆಂಪು ಗುಂಡಿ

ಅಸಲಿ ಬ್ರೇಕರ್ ವಿದೇಶದಿಂದ ಬರಬೇಕು. ಅದು ಬರುವಷ್ಟರಲ್ಲಿ ಆ ಮನೆಯಲ್ಲಿ ಮದುವೆ ಮುಗಿದು ತೊಟ್ಟಿಲೂ ಕಟ್ಟಿರುತ್ತದೆ. ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ ಅಡುಗೆಮನೆಯಲ್ಲಿ ಶೇಂಗಾ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ಗಕ್ಕನೆ ನಿಂತಿತು. ಮನೆಯಾಕೆ ಅದನ್ನು ಮಗುಚಿ, ತಳದ ಕೆಂಪು ಗುಂಡಿ ಒತ್ತಿ, ಮತ್ತೆ ರುಬ್ಬತೊಡಗಿದರು.

ಕೆಂಪು ಗುಂಡಿ! ಅದೂ ಬ್ರೇಕರೇ. ಹೊರೆ ಹೆಚ್ಚಾದರೆ ನಿಲ್ಲಿಸುತ್ತದೆ, ಒತ್ತಿದರೆ ಬಿಡುತ್ತದೆ. ಎರಡು ಖಂಡ ಸುತ್ತಿ ಕಲಿತ ವಿದ್ಯೆ ಚಟ್ನಿಯ ಪಕ್ಕ ಕೂತಿತ್ತು.

ಹೊಸಪೇಟೆಯ ಅಂಗಡಿಯವರು ಬಿಡಿ ಗುಂಡಿ ಇಲ್ಲ, ಹೊಸ ಮಿಕ್ಸಿಯನ್ನೇ ಒಯ್ಯಿರಿ ಎಂದರು. ಕಂಪ್ಲಿಯಲ್ಲಿ ಮಿಕ್ಸಿ ರಿಪೇರಿಯವನೊಬ್ಬನ ಡಬ್ಬಿಯಲ್ಲಿ ನನಗೆ ಬೇಕಾದ ಮೂರು ಆಂಪಿಯರಿನ ಗುಂಡಿಯೇ ಸಿಕ್ಕಿತು.

“ಯಾವ ಮಿಕ್ಸಿಗ್ರಿ?”

“ರೈಲಿಗೆ.”

ಆತ ದನಿ ತಗ್ಗಿಸಿದ. “ಅಕ್ಕಾರ, ರೈಲಿನ್ಯಾಗ ಮಿಕ್ಸಿ ಹಚ್ಚಬ್ಯಾಡ್ರಿ. ಟಿಸಿ ನೋಡಿದ್ರ ದಂಡ ಹಾಕ್ತಾನ.”

ಓವರ್‌ಲೋಡ್

ಬೆಸುಗೆ ಹಾಕಿದೆ, ಕೂಡಿಸಿದೆ, ಚಾಲೂ ಮಾಡಿದೆ. ಇಂಜಿನ್ ಎರಡು ಗೇಣು ಓಡಿ ನಿಂತಿತು. ಗುಂಡಿ ಒತ್ತಿದೆ. ಮತ್ತೆ ಎರಡು ಗೇಣು.

ಭಾಮೈದ ಮೆಲ್ಲಗೆ, “ಡೈರೆಕ್ಟ್ ಮಾಡ್ಲೇನ್ರಿ?” ಎಂದರು. ನಾನು ಇಕ್ಕಳ ಬಚ್ಚಿಟ್ಟೆ.

ಕೊನೆಗೆ ರೈಲಿನ ಒಂದು ಡಬ್ಬಿ ಎತ್ತಿ ನೋಡಿದರೆ ಕೈ ಜಗ್ಗಿತು. ಒಳಗೆ ನಿಜವಾದ ಕಬ್ಬಿಣದ ಅದಿರು, ಎಲ್ಲ ಡಬ್ಬಿಯಲ್ಲೂ ಅಂಚು ಮೀರಿ ಗುಡ್ಡೆ. “ಖಾಲಿ ಗಾಡಿ ಓಡಿಸಿದ್ರ ಡ್ರೈವರ್‌ಗ ಮರ್ಯಾದಿ ಏನ್ರಿ?” ಎಂದರು ಸಾಹೇಬರು. ಮೊದಲಿನ ಬ್ರೇಕರ್ ಕೊಟ್ಟ ಕಿರಿಕಿರಿಯೂ ಇದೇ. ಅದಿರೆಲ್ಲ ಸುರಿಸಿದೆ. ರೈಲು ಸುರಂಗ ಹೊಕ್ಕು, ಸೇತುವೆ ದಾಟಿ, ಅರ್ಧ ಮಾಸ್ತರರ ಮುಂದೆ ಬಂದು ನಿಂತಿತು.

ಮನೆಯಾಕೆ ಕೆಂಪು ಗುಂಡಿಗೆ ಕೈಮುಗಿದರು. “ಓವರ್‌ಲೋಡ್ ಹಿಡಿಯೋನು ಈ ಗಣಿ ಲಾರಿ ರೋಡಿನ್ಯಾಗ ಒಬ್ಬನರ ಹುಟ್ಟಿದ್ನಲ್ಲ.”

ಹೊಳಿಗೆ ಹಾಕಿದ್ದು

ಭಾನುವಾರ ಹೆಣ್ಣಿನ ಕಡೆಯವರು ಬಂದರು, ರೈಲಿನ ಕಾವಲಿಗೆ ನಾನೂ ಇದ್ದೆ. ಕುರ್ಚಿಗೆ ಜಾಗವಿರಲಿಲ್ಲ, ಗೋಡೆಗೆ ಒರಗಿ ನಿಂತರು. ಸಾಹೇಬರು ಹಳೆಯ ಟೋಪಿ ಹಾಕಿ ರೈಲು ಬಿಟ್ಟರು. ಇಂಜಿನ್ ಸೇತುವೆ ಹತ್ತಿತು. ಅಷ್ಟರಲ್ಲಿ ಹುಡುಗಿಯ ಅಜ್ಜಿ ಕಣ್ಣು ಮುಚ್ಚಿ ಸೊಂಟದ ಚೀಲದಿಂದ ಒಂದು ನಾಣ್ಯ ತೆಗೆದು ತುಂಗಭದ್ರೆಗೆ ಎಸೆದರು. ರೈಲು ಹೊಳೆ ದಾಟುವಾಗ ಹಾಕಿ ರೂಢಿ. ನಾಣ್ಯ ಎರಡೂ ಹಳಿಗೆ ಅಡ್ಡ ಬಿತ್ತು. ಚಟ್ ಅಂತ ಕಿಡಿ. ರೈಲು ನಿಂತಿತು.

ಸಾಹೇಬರ ಮುಖ ನೋಡಲಾಗಲಿಲ್ಲ. ಮನೆಯಾಕೆ ಆಗಲೇ ಗುಜರಿಯವನ ಗಾಡಿ ಬರುವ ಬಾಗಿಲ ಕಡೆ ನೋಡಿದ್ದರು. ನಾನು ಕಡ್ಡಿಯಿಂದ ನಾಣ್ಯವನ್ನು ಹೊಳೆಗೆ ನೂಕಿ, ಗುಂಡಿ ಒತ್ತಿದೆ. ರೈಲು ಏನೂ ಆಗಿಲ್ಲವೆಂಬಂತೆ ಹೊರಟಿತು. ಡೈರೆಕ್ಟ್ ಇದ್ದಿದ್ದರೆ ಅಂದು ಮಾಸ್ತರರ ಟೋಪಿಯೂ ಉಳಿಯುತ್ತಿರಲಿಲ್ಲ.

ಸಾಹೇಬರು ನಾಣ್ಯ ಎತ್ತಲು ಬಗ್ಗಿದರು. “ಮುಟ್ಟಬ್ಯಾಡ್ರಿ ಬೀಗರ, ಗಂಗವ್ವಗ ಕೊಟ್ಟಿದ್ದು,” ಎಂದರು ಅಜ್ಜಿ.

ಬೀಗರ! ಮಾತು ಮುಗಿದೇಹೋಯಿತು. ಮನೆಯಾಕೆ ಒಂದು ಕ್ಷಣ ಯೋಚಿಸಿ ನಿಟ್ಟುಸಿರು ಬಿಟ್ಟರು: “ಇನ್ನ ಇದನ್ನ ತೆಗಿಯಂಗಿಲ್ಲ ಬಿಡ್ರಿ. ಕಾಣಿಕಿ ಬಿದ್ದ ಹೊಳಿ ಯಾರರ ಗುಜರಿಗೆ ಹಾಕ್ತಾರ?”

ಸಾಲ

ಸೋಮವಾರ ಮಿರ್ಚಿ ಅಜ್ಜಿಯ ಮುಂದೆ ಸ್ಕೂಟರ್ ನಿಲ್ಲಿಸಿದೆ.

“ಮುಟ್ಟೀನವ್ವಾ. ರೈಲೂ ಓಡ್ತು, ಲಗ್ನಾನೂ ಕೂಡ್ತು.”

ಅಜ್ಜಿ ಮೊದಲ ಬಾರಿಗೆ ಬಾಣಲೆಯಿಂದ ತಲೆ ಎತ್ತಿದಳು. “ಖರೇನ? ಖಾಲಿ ಲಾರಿ ಹಿಂದ ಹೋದ್ರ ಯಶವಂತನಗರಾನ ಬಂತಾ?”

“ಬಂತು. ಯಾಕ?”

“ನಾ ಆ ಕಡೆ ಒಮ್ಮೀನೂ ಹೋಗಿಲ್ಲವಾ. ಇಲ್ಲಿ ಅಂಗಡಿ ಇಟ್ಟಾಗಿಂದ ಎಲ್ರಿಗೂ ಹಿಂಗ ಹೇಳ್ತೀನಿ. ಯಾರೂ ತಿರುಗಿ ಬಂದು ಜಗಳ ಮಾಡ್ಲಿಲ್ಲ, ಸರಿ ಇರಬೇಕು ಅಂದ್ಕೊಂಡಿದ್ನಿ.”

ಅಷ್ಟರಲ್ಲಿ ಬೈಕಿನವನೊಬ್ಬ ನಿಲ್ಲಿಸಿ ಯಶವಂತನಗರಕ್ಕೆ ದಾರಿ ಕೇಳಿದ. ಅಜ್ಜಿ ಎದ್ದೇ ನಿಂತಳು.

“ಖಾಲಿ ಲಾರಿ ಹಿಂದ ಹೋಗಪ್ಪ. ಸಂಶೇ ಇದ್ರ ಈಕಿನ್ನ ಕೇಳು. ಚೆಕ್ ಮಾಡ್ಕೊಂಡು ಬಾ ಅಂತ ನಾನ ಕಳಿಸಿದ್ನಿ.”