ಖಾಲಿ ಜೇಬಿನ ಕಳ್ಳ

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಸೀನು. ಅದೂ ಸ್ವಂತದ್ದಲ್ಲ, ಪಕ್ಕದ ಮನೆ ನಿವೃತ್ತ ಹೆಡ್‌ಮಾಸ್ಟರದು.

ವಿಜ್ಞಾನಿ ಬೆಳಗ್ಗೆ ಬಾಗಿಲು ತೆಗೆದ್ರೆ ಎದುರಿಗೇ ನಿಂತಿದ್ದ ಅವರು, ಶಾಲೆ ಬಿಡೋ ಗಂಟೆ ಹೊಡೆದ ಹಾಗೆ ಸೀನಿದ್ರು. ವಿಜ್ಞಾನಿ ಮಾತೂ ಆಡದೆ ಬಾಗಿಲು ದಢಾರ್ ಅಂತ ಹಾಕ್ಕೊಂಡ. ಬೇರೆ ದಿನ ಆಗಿದ್ರೆ ಕೂರಿಸಿ ಕಾಫಿ ಕೊಡ್ತಿದ್ದ. ಅವತ್ತು ಆಸ್ಪತ್ರೆಯಲ್ಲಿ ಅವನ ತಪಾಸಣೆ. ಚೂರು ನೆಗಡಿ, ಜ್ವರ ಕಂಡ್ರೂ ಚಿಕಿತ್ಸೆಯ ಅವಕಾಶ ಕೈತಪ್ಪಿದ ಹಾಗೆ.

ಅವನಿಗೂ ಅವನ ತಂಗಿಗೂ ವಂಶದಿಂದ ಬಂದ ಆಸ್ತಿ ಅಂದ್ರೆ ಒಂದು ಕಣ್ಣಿನ ಕಾಯಿಲೆ. ವರ್ಷದಿಂದ ವರ್ಷಕ್ಕೆ ಲೋಕ ಕಿರಿದಾಗ್ತಾ ಬಂದು, ಈಗ ಕೊಳವೆಯಲ್ಲಿ ಇಣುಕಿದಷ್ಟೇ ಉಳಿದಿತ್ತು. ನೇರ ಎದುರಿಗಿದ್ದದ್ದು ಕಾಣುತ್ತೆ, ಪಕ್ಕದ್ದು ಕಾಣಲ್ಲ. ಹಾಗಾಗಿ ದಿನಾ ಗೇಟಿನ ಕಂಬಕ್ಕೆ ಡಿಕ್ಕಿ ಹೊಡೆದು "ಸಾರಿ ಸಾರ್" ಅನ್ನೋದು ಅವನಿಗೆ ರೂಢಿ.

ಇದಕ್ಕೆ ಮದ್ದು ಹುಡುಕ್ತಾ ಹುಡುಕ್ತಾನೇ ಅವನ ತಲೆ ಬೋಳಾಗಿದ್ದು. ವೈರಸ್ಸು ಅಂದ್ರೆ ಕಳ್ಳ, ಎಂಥ ಬೀಗ ಇದ್ರೂ ತೆಗೆದು ಒಳಗೆ ಹೋಗ್ತಾನೆ. ಅಂಥವನ ಜೇಬು ಖಾಲಿ ಮಾಡಿ, ಚಾಕು ಚೂರಿ ಕಿತ್ಕೊಂಡು, ಬದಲಿಗೆ ಒಂದು ಒಳ್ಳೇ ಜೀನು ತುಂಬಿ ಕಣ್ಣೊಳಗೆ ಕಳ್ಸೋದು. ಲ್ಯಾಬಿನ ಇಲಿಗಳಿಗೆ ಆಗಲೇ ಕಣ್ಣು ಬಂದಿತ್ತು. ಈಗ ಮನುಷ್ಯರ ಸರದಿ. ಆ ಪ್ರಯೋಗ ನಡೆಸ್ತಿದ್ದದ್ದು ಆಸ್ಪತ್ರೆಯ ಬೇರೆ ತಂಡ, ಅದರಲ್ಲಿ ಉಳಿದಿದ್ದದ್ದು ಒಬ್ಬರಿಗೆ ಮಾತ್ರ ಜಾಗ. "ಕಳ್ಳನ್ನ ಸಾಕಿದೋನು ನೀನು, ನೀನೇ ಹೋಗಣ್ಣ. ನಿನಗಾಗದಿದ್ರೆ ನಾನಿದೀನಿ" ಅಂದಿದ್ಲು ತಂಗಿ.

ಸೀನು ಬಿದ್ದ ಮೇಲೆ ವಿಜ್ಞಾನಿ ಸುಮ್ನಿರ್ತಾನಾ? ಮುಖಕ್ಕೆ ಎರಡು ಮಾಸ್ಕು, ಕಣ್ಣಿಗೆ ಲ್ಯಾಬಿನ ದಪ್ಪ ಕನ್ನಡಕ, ಬೋಳು ತಲೆಗೆ ಹೆಂಡತಿಯ ಸ್ನಾನದ ಟೋಪಿ. ಲಿಫ್ಟಲ್ಲಿ ಯಾರಾದ್ರೂ ಕೆಮ್ಮಿದ್ರೆ ಅಂತ ಮೆಟ್ಟಿಲು ಹಿಡಿದ. ಮೇಲ್ಮನೆ ಆಂಟಿ ನೋಡಿದ್ರು. ವೈರಸ್ ಕೆಲಸದ ಸಾರೇ ಈ ವೇಷದಲ್ಲಿ ಓಡ್ತಿದಾರೆ ಅಂದ್ರೆ ಲ್ಯಾಬಿಂದ ಏನೋ ತಪ್ಪಿಸ್ಕೊಂಡಿರಬೇಕು ಅಂತ ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದ್ರು. ಇವನು ಕೆಳಗೆ ಮುಟ್ಟೋ ಹೊತ್ತಿಗೆ ಸುದ್ದಿ ಬೀದಿ ಮುಟ್ಟಿತ್ತು.

ಗೇಟು ಹಾಕಿತ್ತು. ಹಿಂದಿನ ದಿನವಷ್ಟೇ ಸೇರಿದ ಹೊಸ ವಾಚ್‌ಮನ್ ಕೋಲು ಅಡ್ಡ ಹಿಡಿದಿದ್ದ. ಬಾಲ್ಕನಿ ತುಂಬ ಜನ, ಒಬ್ಬ ಹೆಲ್ಮೆಟ್ಟೇ ಹಾಕ್ಕೊಂಡು ಬಂದಿದ್ದ. ವಿಜ್ಞಾನಿ ಮಾಸ್ಕಿನೊಳಗಿಂದ್ಲೇ ಕಳ್ಳನ ಕತೆ ಪೂರ್ತಿ ವಿವರಿಸಿದ.

"ಅಂದ್ರೆ ಮನೆಮನೆಗೆ ಕಳ್ಳರನ್ನ ನುಗ್ಗಿಸೋದು ನಿಮ್ಮ ಕೆಲಸ," ಅಂದ್ರು ಹೆಡ್‌ಮಾಸ್ಟರು.

"ಖಾಲಿ ಜೇಬಿನ ಕಳ್ಳ, ಸಾರ್."

"ಜೇಬು ಖಾಲಿ ಇರೋದಕ್ಕೇ ಕಣ್ರೀ ಕಳ್ಳರಾಗೋದು."

ಅಷ್ಟರಲ್ಲಿ ಹೊರಗೆ ಟ್ಯಾಕ್ಸಿಯಲ್ಲಿ ಕಾಯ್ತಿದ್ದ ತಂಗಿ ಕಂಬಿ ತಡಕ್ತಾ ಗೇಟಿಗೆ ಬಂದ್ಲು. "ಇವನ್ನ ಕಂಡ್ರೆ ಅಷ್ಟು ಭಯ ಇದ್ರೆ ಒಳಗ್ಯಾಕೆ ಕೂಡಿಹಾಕ್ತೀರಿ? ಹೊರಗಟ್ಟಿ."

ಗೇಟು ಅಷ್ಟು ಬೇಗ ತೆಗೆದಿದ್ದು ಆ ಕಟ್ಟಡದ ಇತಿಹಾಸದಲ್ಲೇ ಇಲ್ಲ. ಹೆಡ್‌ಮಾಸ್ಟರು ವಾಚ್‌ಮನ್ನಿಗೆ ಪಾಠ ಮಾಡಿದ್ರು: ಈ ಟೋಪಿ, ಈ ಕನ್ನಡಕ, ಈ ಮುಸುಕು ಚೆನ್ನಾಗಿ ಗುರುತಿಟ್ಕೋ, ತಿರುಗಿ ಒಳಗೆ ಬಿಡಬೇಡ.

ಆಸ್ಪತ್ರೆಯಲ್ಲಿ ಅಣ್ಣ ತಂಗಿ ಇಬ್ಬರೂ ರಕ್ತ ಕೊಟ್ರು. ಜ್ವರ ಇಲ್ಲ, ನೆಗಡಿ ಇಲ್ಲ. ವಿಜ್ಞಾನಿ ಮದುವೆಗಂಡಿನ ಹಾಗೆ ಕೂತಿದ್ದ. ಸಂಜೆ ಕಣ್ಣಿನ ಡಾಕ್ಟರು ಬಂದು ಪಕ್ಕದಲ್ಲೇ ಕೂತ್ರು.

"ನಿಮ್ಮ ರಕ್ತದ ಕಾವಲುಗಾರರಿಗೆ ಈ ಕಳ್ಳನ ಮುಖ ಚೆನ್ನಾಗಿ ಗೊತ್ತು. ಒಳಗೆ ಬಂದ ಕೂಡ್ಲೆ ಹಿಡಿದು ಬಡೀತಾರೆ. ಲ್ಯಾಬಲ್ಲಿ ಮಾಸ್ಕ್ ಹಾಕ್ತಿದ್ರಿ ತಾನೆ?"

ವಿಜ್ಞಾನಿ ಇಲ್ಲ ಅಂತ ತಲೆಯಾಡಿಸಿದ. ಖಾಲಿ ಜೇಬಿನೋನು ಏನ್ಮಾಡ್ತಾನೆ ಅಂತ ಎಳೇ ವಯಸ್ಸಲ್ಲಿ ಬರೀ ಮುಖದಲ್ಲೇ ಅವನ ಜೊತೆ ಸಂಸಾರ ಮಾಡಿದ್ದ. ಇವತ್ತು ಎರಡು ಮಾಸ್ಕು.

"ತಂಗಿಯವರ ರಕ್ತಕ್ಕೆ ಇವನ ಪರಿಚಯ ಇಲ್ಲ," ಅಂದ್ರು ಡಾಕ್ಟರು. "ಜಾಗ ಅವರಿಗೇ."

ತಂಗಿ ಅಣ್ಣನ ಕೈ ಬಿಡ್ಲೇ ಇಲ್ಲ. ಟ್ಯಾಕ್ಸಿಯಲ್ಲಿ ಮೂಗು ಒರೆಸ್ಕೊಂಡು, ಕಣ್ಣು ಬಂದ ಮೇಲೆ ಮೊದಲು ನಿನ್ನ ಪೂರ್ತಿ ನೋಡ್ತೀನಿ ಅಂದ್ಲು. ಹಾಗಾದ್ರೆ ಟೋಪಿ ಬೇಡ ಅಂತ ಅವನು ಟೋಪಿ, ಕನ್ನಡಕ, ಮಾಸ್ಕು ಎಲ್ಲ ಕಿತ್ತು ಚೀಲಕ್ಕೆ ತುರುಕಿದ. ಎದೆಯಲ್ಲಿ ಅರ್ಧ ಅಳು, ಅರ್ಧ ಹಬ್ಬ.

ತಂಗಿಯನ್ನ ಮನೆಗೆ ಬಿಟ್ಟು ತನ್ನ ಗೇಟಿಗೆ ಬಂದ. ಈ ಕಾವಲುಗಾರನೂ ಹಿಡೀತಾನೆ ಅಂದ್ಕೊಂಡ. ವಾಚ್‌ಮನ್ ಸೆಲ್ಯೂಟ್ ಹೊಡೆದ.

"ಬೇಗ ಒಳಗೆ ಹೋಗಿ ಸಾರ್. ಆ ವೈರಸ್ ಮನುಷ್ಯ ಬರೋ ಹೊತ್ತಾಯ್ತು. ಬಂದ್ರೆ ನಾನು ಬಿಡಲ್ಲ, ಮುಖ ಚೆನ್ನಾಗಿ ಗೊತ್ತು."

ವಿಜ್ಞಾನಿ ಅಲ್ಲೇ ನಿಂತ. ಒಳಗಿರೋನು ಅವನೇ, ವೇಷ ಮಾತ್ರ ಬೇರೆ, ಕಾವಲುಗಾರ ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ. ಹಾಗಾದ್ರೆ ಆ ಕಳ್ಳನಿಗೂ ಹೊಸ ವೇಷ ಹೊಲಿಸಿದ್ರೆ, ರಕ್ತದ ಕಾವಲುಗಾರರೂ ಬಿಡಬಹುದಲ್ವಾ?

"ಥ್ಯಾಂಕ್ಸ್ ಕಣಯ್ಯಾ," ಅಂದು ಲ್ಯಾಬಿಗೆ ಹೋಗೋಕೆ ಗಿರ್ರನೆ ತಿರುಗಿದ. ಕಂಬಕ್ಕೆ ಡಿಕ್ಕಿ.

"ಸಾರಿ ಸಾರ್," ಅಂದ. "ಇನ್ನೊಂದಷ್ಟು ವರ್ಷ ಹೊಂದ್ಕೊಳ್ಳಿ."