ನಮ್ಮತ್ತೆ ರಿಸ್ಕ್ ಪರೀಕ್ಷೆಗೆ ಕಟ್ಟಿದ್ದು

ಬೇರೆಯವರ ಮನೆಗೆ ಎಡವಟ್ಟು ಅಪರೂಪಕ್ಕೆ ನೆಂಟರ ಹಂಗೆ ಬಂದು ಹೋಗುತ್ತೆ. ನಮ್ಮನೇಲಿ ಅದು ಬಾಡಿಗೆಗೇ ಇದೆ. ಅದ್ರಲ್ಲೂ ನಮ್ಮತ್ತೆ ರಿಟೈರಾದ ವರ್ಷ ಅದಕ್ಕೆ ಪುರುಸೊತ್ತೇ ಇರಲಿಲ್ಲ.

ಅತ್ತೆ ಅಂದ್ರೆ ನಮ್ಮಪ್ಪನ ಅಕ್ಕ. ಗುಬ್ಬಿ ಕಡೆ ಒಂದು ಹೈಸ್ಕೂಲಲ್ಲಿ ಗಣಿತದ ಟೀಚರ್ ಆಗಿದ್ರು. ಮದುವೆ ಆಗಲಿಲ್ಲ. ತುಮಕೂರಲ್ಲಿ ನಮ್ಮ ಮನೆ ಮಹಡಿ ರೂಮಲ್ಲೇ ಇದ್ದು, ದಿನಾ ಬಸ್ಸಲ್ಲಿ ಹೋಗಿ ಬಂದು, ಊರೋರ ಮಕ್ಕಳನ್ನೆಲ್ಲಾ ಪಾಸು ಮಾಡಿಸಿದ್ರು. ಮನೆಮಗ ನಾನು ಮಾತ್ರ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ. ಈಗ ಬಸ್‌ಸ್ಟ್ಯಾಂಡ್ ಹತ್ರ ಅಂಗಡೀಲಿ ಮೊಬೈಲಿಗೆ ಗ್ಲಾಸ್ ಅಂಟಿಸ್ತೀನಿ.

ರಿಟೈರಾಗೋ ಮುಂಚೆ ಅತ್ತೆ ಒಂದೇ ಮಾತು ಹೇಳಿದ್ರು: "ಬರೋ ದುಡ್ಡು ನನ್ನ ಕೊನೇ ತನಕ ಸಾಕಾಗ್ಬೇಕು ಕಣೋ. ಯಾರ ಮುಂದೇನೂ ಕೈ ಚಾಚ್ಬಾರ್ದು. ನಿಮ್ಮಪ್ಪನ ಮುಂದೇನೂ." ಅದನ್ನ ಎಲ್ಲಿ ಇಡೋದು ಅನ್ನೋದೊಂದೇ ಪ್ರಶ್ನೆ. ಉತ್ತರ ಹೇಳೋಕೆ ಮಾತ್ರ ಇಡೀ ತಾಲ್ಲೂಕೇ ರೆಡಿ ಇತ್ತು.

೧. ಕಿವಿ ಕಚ್ಚಿದ ಆಲ್ಬಮ್

ಸ್ಕೂಲಲ್ಲಿ ಬೀಳ್ಕೊಡುಗೆ ಸಮಾರಂಭ. ಹಾರ ಹಾಕೋ ನೆಪದಲ್ಲಿ ಹತ್ರ ಬಂದೋರೆಲ್ಲಾ ಅತ್ತೆ ಕಿವೀಲಿ ಒಂದೊಂದು ಸ್ಕೀಮ್ ಊದಿ ಹೋದ್ರು.

ಹೆಡ್‌ಮಾಸ್ಟರು, "ಎಫ್‌ಡಿ ಮಾಡಿಸ್ಬಿಡಿ ಮೇಡಂ, ನೆಮ್ಮದಿ" ಅಂದ್ರು. ಅವರ ಹಿಂದೆನೇ ಬಂದ ಪಿಟಿ ಮೇಷ್ಟ್ರು, "ಎಫ್‌ಡಿ ಮಾಡಿಸಿದ್ರೆ ದುಡ್ಡು ನಿದ್ದೆ ಮಾಡುತ್ತೆ ಮೇಡಂ. ಷೇರಿಗೆ ಹಾಕಿ, ಓಡುತ್ತೆ" ಅಂದ್ರು. ಕ್ಲರ್ಕು ಚೀಟಿಗೆ ಕರೆದ. ಬಿಸಿಯೂಟದ ಅಡುಗೆಯಮ್ಮ ಗುಲಾಬಿ ಹೂ ಕೊಟ್ಟು, "ಚಿನ್ನ ತಗೊಂಡು ಕತ್ತಿಗೆ ಹಾಕ್ಕಂಬುಡಿ ಮಿಸ್ಸು. ಕಣ್ಣಿಗಾದ್ರೂ ಕಾಣ್ತದೆ" ಅಂತ ಪಿಸುಗುಟ್ಟಿದ್ಲು.

ವಾರ ಬಿಟ್ಟು ಫೋಟೋಗ್ರಾಫರ್ ಆಲ್ಬಮ್ ತಂದುಕೊಟ್ಟ. ತಲೆ ಕೆರ್ಕೊಂಡು ಹೇಳಿದ: "ಬೇಜಾರು ಮಾಡ್ಕೋಬೇಡಿ ಮೇಡಂ. ಹಾರ ಹಾಕಿದ್ದು ಒಂದೂ ಸರಿಯಾಗಿ ಬಂದಿಲ್ಲ. ಎಲ್ಲಾರೂ ಸಾಲಾಗಿ ನಿಂತು ನಿಮ್ಮ ಕಿವಿ ಕಚ್ಚಿದಂಗೇ ಬಂದದೆ."

೨. ನಡೆಯೋ ಸೈಟು

ಅಪ್ಪ, ಅತ್ತೆ ಇಬ್ಬರಿಗೂ ಅಣ್ಣ ನಮ್ಮ ದೊಡ್ಡಪ್ಪ. ಇರೋದು ಕುಣಿಗಲ್‌ನಲ್ಲಿ. "ದುಡ್ಡು ಭೂಮೀಲಿದ್ರೇನೇ ಕಣಮ್ಮ ದುಡ್ಡು" ಅಂತ ಅತ್ತೇನ ಸೈಟು ನೋಡೋಕೆ ಕರೆದ್ರು. ನಾನೂ ಹತ್ಕೊಂಡೆ.

ಊರು ದಾಟಿ, ಡಾಂಬರು ಮುಗಿದು, ಆಮೇಲೆ ಮಣ್ಣುರಸ್ತೇನೂ ಮುಗಿದ ಮೇಲೆ ಕಾರು ನಿಲ್ಸಿದ್ರು. ಸುತ್ತಾ ಬರೀ ಜಾಲಿ ಗಿಡ.

"ಗುಬ್ಬಿ ಹತ್ರ ಹೆಲಿಕಾಪ್ಟರ್ ಫ್ಯಾಕ್ಟರಿ ಬಂತೋ ಇಲ್ವೋ? ನಮ್ಮ ಕಡೆ ವಿಮಾನ ಬರಲ್ವಾ? ಐದೇ ವರ್ಷ ತಡ್ಕೊ, ಒಂದಕ್ಕೆ ನಾಲ್ಕು" ಅಂದ್ರು ದೊಡ್ಡಪ್ಪ.

ಅತ್ತೆ ವ್ಯಾನಿಟಿ ಬ್ಯಾಗಿಂದ ಅಳತೆ ಟೇಪು ತೆಗೆದ್ರು. "ಮೂವತ್ತು ನಲವತ್ತು ಅಂದ್ಯಲ್ಲ ಅಣ್ಣ, ಎಲ್ಲಿಂದ ಅಳೀಲಿ? ಕಲ್ಲು ಎಲ್ಲಿ ನೆಟ್ಟಿದಾರೆ?"

ದೊಡ್ಡಪ್ಪ ಆ ಕಡೆ ಈ ಕಡೆ ನೋಡಿದ್ರು. "ಕಲ್ಲು ಇನ್ನೂ ನೆಟ್ಟಿಲ್ಲ ಕಣಮ್ಮ. ಅಗೋ, ಅಲ್ಲೊಂದು ಎಮ್ಮೆ ನಿಂತದಲ್ಲ, ಅದೇ ನಿನ್ನ ಮೂಲೆ."

ಟೇಪಿನ ತುದಿ ಹಿಡ್ಕೊಂಡು ಎಮ್ಮೆ ಹತ್ರ ಹೋದೆ. ಸುಮ್ನಿರಬೇಕು ತಾನೆ? ಒಂದು ಹೆಂಟೆ ತಗೊಂಡು ಅದರ ಪಕ್ಕಕ್ಕೆ ಎಸೆದೆ. ಎಮ್ಮೆ ಒಂದ್ಸಲ ನನ್ನ ನೋಡ್ತು, ಬಾಲ ಬೀಸಿ ಆಚೆ ಹೊಲದ ಕಡೆ ಹೊರಡ್ತು.

"ಅತ್ತೇ, ನಿಮ್ಮ ಸೈಟು ಮೇಯಕ್ಕೆ ಹೋಯ್ತು!" ಅಂತ ಕೂಗಿದೆ.

ಅತ್ತೆ ನಿಧಾನಕ್ಕೆ ಟೇಪು ಸುತ್ತಿ ಬ್ಯಾಗಿಗೆ ಹಾಕ್ಕೊಂಡ್ರು. "ಅಣ್ಣ, ಈಗ್ಲೇ ಯಾಕೆ ಅವಸರ? ನಿನ್ನ ವಿಮಾನ ಬರೋ ಹೊತ್ತಿಗೆ ಈ ಸೈಟು ನಡ್ಕೊಂಡೇ ಬೆಂಗಳೂರು ಮುಟ್ಟಿರುತ್ತೆ. ಆಗ ತಗೋತೀನಿ."

೩. ಅತ್ತೆ ಫೇಲು

"ಯಾರ ಮಾತೂ ಬೇಡ. ನಾನೇ ಓದಿ ತಿಳ್ಕೊಂಡು ಹಾಕ್ತೀನಿ" ಅಂದ್ರು ಅತ್ತೆ. ಹೂಡಿಕೆ ಮಾಡೋ ಆ್ಯಪ್ ಒಂದನ್ನ ಅವರ ಫೋನಿಗೆ ಹಾಕಿಕೊಟ್ಟೆ. ದುಡ್ಡು ತಗೊಳ್ಳೋ ಮುಂಚೆ ಅದು ಹತ್ತು ಪ್ರಶ್ನೆ ಕೇಳುತ್ತೆ. ನಷ್ಟ ಆದ್ರೆ ತಡ್ಕೊಳ್ಳೋ ಗುಂಡಿಗೆ ನಿಮಗೆಷ್ಟಿದೆ ಅಂತ ಅಳೆಯೋಕೆ.

ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ ಅಂತ ಕಂಡಿದ್ದೇ ಅತ್ತೆ ನೆಟ್ಟಗೆ ಕೂತ್ರು. ಕನ್ನಡಕ ಒರೆಸಿದ್ರು. ಟಿವಿ ಆರಿಸು ಅಂದ್ರು. "ಷೇರು ಬಿದ್ದರೆ ಏನು ಮಾಡುತ್ತೀರಿ? ಎಲ್ಲಾ ಮಾರುತ್ತೇನೆ, ಸ್ವಲ್ಪ ಮಾರುತ್ತೇನೆ, ಸುಮ್ಮನಿರುತ್ತೇನೆ, ಇನ್ನಷ್ಟು ಕೊಳ್ಳುತ್ತೇನೆ." ಅತ್ತೆ, "ಎಲ್ಲಾ ಮಾರ್ಬಿಡ್ತೀನಪ್ಪ" ಅಂತ ಮೊದಲನೇದೇ ಒತ್ತಿದ್ರು.

ಕೊನೆಗೆ ಸ್ಕ್ರೀನ್ ಮೇಲೆ ಬಂತು: ನೂರಕ್ಕೆ ಹದಿನೆಂಟು.

ಅದು ಮಾರ್ಕ್ಸ್ ಅಲ್ಲ ಅಂತ ನನಗೆ ಗೊತ್ತಿತ್ತು. ಆದ್ರೆ ಮನೇಲಿ ಟೆಸ್ಟ್ ಕೊಟ್ಟು ಕೊಟ್ಟು ನನ್ನ ಪೇಪರ್ ಮೇಲೆ ಎಷ್ಟು ವರ್ಷ ಕೆಂಪು ಗೆರೆ ಎಳೆದಿದ್ರು! ನಾಲಿಗೆ ತಡೀಲಿಲ್ಲ.

"ಅತ್ತೆ, ಫೇಲು!"

ಅವರ ಮುಖ ಸಣ್ಣಗಾಯ್ತು. "ಪಾಸಿಗೆ ಎಷ್ಟೋ?"

"ಮೂವತ್ತೈದು."

ಅತ್ತೆ ಊಟ ಬೇಡ ಅಂದ್ರು. ಅಮ್ಮ ತಟ್ಟೆ ಹಿಡ್ಕೊಂಡು ಮಹಡಿ ಹತ್ತಿದ್ರೆ ಬಾಗಿಲೇ ತೆಗೀಲಿಲ್ಲ. ನಾನು ಮೆಟ್ಟಿಲ ಮೇಲಿಂದ ಧೈರ್ಯ ಹೇಳಿದೆ: "ಅತ್ತೆ, ಸಪ್ಲಿಮೆಂಟರಿ ಇದೆ, ಕಟ್ಟಿ. ಮೊದಲನೇ ಸಲ ಮಾತ್ರ ಉರಿಯುತ್ತೆ. ಆಮೇಲೆ ಅಭ್ಯಾಸ ಆಗೋಗುತ್ತೆ."

೪. ತೊಂಬತ್ತಾರಕ್ಕೆ ಸೀಟು

ಮೂರು ದಿನ ಅತ್ತೆ ನೋಟ್‌ಬುಕ್ ಇಟ್ಕೊಂಡು ಕೂತ್ರು. ಯಾವ ಉತ್ತರ ಒತ್ತಿದ್ರೆ ಎಷ್ಟು ಏರುತ್ತೆ ಅಂತ ಲೆಕ್ಕ ಹಾಕಿ, ಪಟ್ಟಿ ಮಾಡಿ, ಬಾಯಿಪಾಠ ಮಾಡಿದ್ರು. ನಾಲ್ಕನೇ ದಿನ ತೊಂಬತ್ತಾರು!

"ನಾಲ್ಕು ಎಲ್ಲೋಯ್ತು ಅತ್ತೆ?"

"ವಯಸ್ಸಿನ ಪ್ರಶ್ನೇಲಿ ಕಟ್ ಆಯ್ತು ಕಣೋ. ಅದೊಂದಕ್ಕೆ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ."

ಬೀದಿಗೆಲ್ಲಾ ಮೈಸೂರು ಪಾಕ್ ಹಂಚಿದ್ರು. ನಾನೂ ಎರಡು ತಿಂದೆ. ಮಾರನೇ ಬೆಳಗ್ಗೆ ತಿಂಡಿಗೆ ಕೂತಾಗ ಅತ್ತೆ ಫೋನ್ ತೋರಿಸಿದ್ರು. ನೀವು ಮಹಾ ಸಾಹಸಿ, ನಿಮ್ಮ ದುಡ್ಡೆಲ್ಲಾ ಸಣ್ಣ ಸಣ್ಣ ಕಂಪನಿ ಷೇರಿಗೆ ಹಾಕಬಹುದು ಅಂತ ಆ್ಯಪ್ ಹೇಳಿತ್ತು.

"ಸೋಮವಾರ ಪೂರ್ತಿ ಹಾಕ್ತಿದೀನಿ" ಅಂದ್ರು.

ಅಪ್ಪ ಮೆಲ್ಲಗೆ, "ಅಕ್ಕ, ಸ್ವಲ್ಪ ಎಫ್‌ಡಿ..." ಅಂದ್ರು.

"ತೊಂಬತ್ತಾರು ತಗೊಂಡೋರು ಯಾರಾದ್ರೂ ಸೈನ್ಸ್ ಸೀಟು ಬಿಡ್ತಾರೇನೋ?"

ನಾನು ಇಡ್ಲಿ ತಟ್ಟೆ ಬಿಟ್ಟು ಎದ್ದೆ. ಇಷ್ಟು ವರ್ಷ ಬಸ್ಸಲ್ಲಿ ನಿಂತು ದುಡಿದಿದ್ದು, ನನ್ನದೊಂದು ತಮಾಷೆಗೆ ಹೋಗುತ್ತಲ್ಲಪ್ಪ! "ಅತ್ತೆ, ತಪ್ಪಾಯ್ತು. ಅದು ಪರೀಕ್ಷೆನೇ ಅಲ್ಲ. ಆ ಮಾರ್ಕ್ಸ್ ಮುಖ್ಯ ಅಲ್ಲ" ಅಂತ ಕಾಲು ಹಿಡಿಯೋದೊಂದು ಬಾಕಿ.

ಅತ್ತೆ ಕರುಣೆಯಿಂದ ನನ್ನ ತಲೆ ಸವರಿದ್ರು. "ಮಾರ್ಕ್ಸ್ ಬರದೇ ಇರೋರೆಲ್ಲಾ ಹಂಗೇ ಹೇಳೋದು ಕಣ್ಲಾ."

೫. ಐದನೇ ಉತ್ತರ

ಅತ್ತೆ ಹತ್ರ ಓದಿದ ಅಕ್ಕ ಒಬ್ರು ತುಮಕೂರಲ್ಲೇ ಹೂಡಿಕೆ ಸಲಹೆ ಕೊಡೋ ಆಫೀಸ್ ಇಟ್ಟಿದಾರೆ. ಅಲ್ಲಿಗೆ ಓಡಿದೆ, ಎಲ್ಲಾ ಒಪ್ಪಿಕೊಂಡೆ. ಅವರು ನಕ್ಕು ನಕ್ಕು ಕಣ್ಣೊರೆಸ್ಕೊಂಡು, "ಸೋಮವಾರಕ್ಕೆ ಮುಂಚೆ ಕರ್ಕೊಂಡು ಬಾರೋ" ಅಂದ್ರು. "ನಿಮ್ಮ ಸ್ಟೂಡೆಂಟು ನಿಮ್ಮ ರಿಸಲ್ಟ್ ನೋಡ್ಬೇಕಂತೆ" ಅಂದಿದ್ದಕ್ಕೆ ಅತ್ತೆ ಶನಿವಾರವೇ ರೇಷ್ಮೆ ಸೀರೆ ಉಟ್ಕೊಂಡು ಹೊರಟ್ರು.

ಅಕ್ಕ ಎದ್ದು ನಿಂತು ಹೇಳಿದ್ರು: "ಮಿಸ್, ಇದು ಖಾರ ಎಷ್ಟು ತಿಂತೀರಿ ಅಂತ ಕೇಳಿದಂಗೆ. ಜಾಸ್ತಿ ಅಂದ್ರೆ ಬಹುಮಾನ ಕೊಡಲ್ಲ, ಜಾಸ್ತಿ ಬಡಿಸ್ತಾರೆ ಅಷ್ಟೇ."

"ಹಂಗಾದ್ರೆ ಸರಿ ಉತ್ತರ ಯಾವುದು?"

"ಇದಕ್ಕೆ ಸರಿ ಉತ್ತರ ಅಂತಿಲ್ಲ ಮಿಸ್."

"ಸರಿ ಉತ್ತರ ಇಲ್ಲದ ಪೇಪರ್ ಯಾಕಮ್ಮ ಕೊಡ್ತೀರಿ?"

"ಮಿಸ್, ಷೇರು ಬಿದ್ದ ತಿಂಗಳು ಮನೆ ಖರ್ಚಿಗೆ, ಮಾತ್ರೆಗೆ ಯಾರನ್ನ ಕೇಳ್ತೀರಿ?"

ಅತ್ತೆ ಫೋನ್ ಬ್ಯಾಗಿಗೆ ಹಾಕ್ಕೊಂಡ್ರು. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದ್ರು. "ಫೇಲು ಅಂದೋನು ಇವ್ನೇ ಅಲ್ವಾ?"

ಅಕ್ಕ ಕೊಟ್ಟ ಪ್ರಶ್ನೆ ಪೇಪರ್ ಮೇಲೆ ಅತ್ತೆ ಉತ್ತರನೆಲ್ಲಾ ಹೊಸದಾಗಿ, ನಿಜ ನಿಜ ಬರೆದ್ರು. ಹೆಚ್ಚಿನ ಪಾಲು ಮೂರು ತಿಂಗಳಿಗೊಮ್ಮೆ ಬಡ್ಡಿ ಬರೋ ಹಿರಿಯರ ಸ್ಕೀಮಿಗೆ, ಆಸ್ಪತ್ರೆ ಖರ್ಚಿಗೆ ಅಂತ ಒಂದು ಎಫ್‌ಡಿ, ಉಳಿದ ಚೂರು ಮಾತ್ರ ತಿಂಗಳು ತಿಂಗಳು ಮ್ಯೂಚುಯಲ್ ಫಂಡಿಗೆ ಅಂತ ತೀರ್ಮಾನ ಆಯ್ತು. ನನ್ನ ಎದೆ ಮೇಲಿನ ಕಲ್ಲು ಇಳೀತು.

ಪೇಪರಲ್ಲಿ ಬಾಕಿ ಉಳಿದಿದ್ದು ಅದೇ ಪ್ರಶ್ನೆ: ಬಿದ್ದರೆ ಏನು ಮಾಡುತ್ತೀರಿ? ಅತ್ತೆ ನಾಲ್ಕೂ ಉತ್ತರ ಓದಿದ್ರು, ನಾಲ್ಕಕ್ಕೂ ಅಡ್ಡಗೆರೆ ಎಳೆದ್ರು, ಕೆಳಗೆ ದುಂಡಗೆ ಐದನೇದು ಬರೆದ್ರು: "ಇವನ ಕೈಲಿ ಬಸ್ಕಿ ಹೊಡೆಸುತ್ತೇನೆ. ನೂರಕ್ಕೆ ಒಂದು ರೂಪಾಯಿ ಇಳಿದರೆ ಹತ್ತು."

"ಏರಿದ್ರೆ ಅತ್ತೆ?" ಅಂದೆ.

"ಏರಿದ್ರೆ ನನ್ನ ದುಡ್ಡು ಕಣ್ಲಾ. ನಿಂಗೇನು?"

ಈಗ ಪ್ರತಿ ಒಂದನೇ ತಾರೀಕು ಅತ್ತೆ ಫೋನ್ ಹಿಡ್ಕೊಂಡು ಮಹಡಿ ಇಳೀತಾರೆ. ಹೋದ ತಿಂಗಳು ನಲವತ್ತು ಹೊಡೆದೆ. ಮಾರ್ಕೆಟ್ ಏರಲಪ್ಪ ಅಂತ ಇಡೀ ತುಮಕೂರಲ್ಲಿ ನನ್ನಷ್ಟು ಭಕ್ತಿಯಿಂದ ದಿನಾ ದೇವರಿಗೆ ಕೈ ಮುಗಿಯೋನು ಇನ್ನೊಬ್ಬ ಇಲ್ಲ. ನಾನು ಹಾಕಿರೋ ಬಂಡವಾಳ ಮಾತ್ರ ಎರಡು ಮಂಡಿ.